ಸೊಸೆ ಸ್ಕೂಲಲ್ಲಿ ಒಂದು ವಾರ

ಸೋಮವಾರ, 10 ಫೆಬ್ರವರಿ 2025

ಏಳೂವರೆಗೆಲ್ಲ ಎಡಿಸನ್ ಊರಿನ ಮನೆಯಿಂದ ಹೊರಟ್ವಿ, ನಾನು ಮತ್ತು ಸೊಸೆ. ರಸ್ತೆ ಎರಡೂ ಕಡೆ ಹಿಮ ಗುಡ್ಡೆ ಹಾಕಿ ಕಪ್ಪಾಗಿತ್ತು. ನ್ಯೂಜೆರ್ಸಿಗೆ ಬಂದು ಮೂರು ವಾರ ಆಗಿತ್ತು, ಓಕ್ ಟ್ರೀ ರೋಡಿನ ಇಂಡಿಯನ್ ಅಂಗಡಿ ಎಲ್ಲ ಎರಡೆರಡು ಸಲ ಸುತ್ತಿ ಆಗಿತ್ತು, ಮನೇಲಿ ಕೂತು ಕೂತು ಬೇಜಾರು. ನಾನು ಧಾರವಾಡದಲ್ಲಿ ಮೂವತ್ತು ವರ್ಷ ಪ್ರೈಮರಿ ಟೀಚರ್ ಆಗಿದ್ದವಳು, ರಿಟೈರ್ ಆದ್ಮೇಲೂ ಸ್ಕೂಲ್ ಬೆಲ್ ಕೇಳಿದ್ರೆ ಕಾಲು ತಾನೇ ಆ ಕಡೆ ತಿರುಗತ್ತೆ. ಸೊಸೆ ಇಲ್ಲಿ ಹೈಲ್ಯಾಂಡ್ ಪಾರ್ಕ್ ಕಡೆ ಒಂದು ಯಹೂದಿ ಸ್ಕೂಲಲ್ಲಿ ಎರಡನೇ ಕ್ಲಾಸಿಗೆ ಗಣಿತ, ಇಂಗ್ಲಿಷು ಹೇಳಿಕೊಡ್ತಾಳೆ. ಅವಳು ಯಹೂದಿ ಅಲ್ಲ, ಅದೇನೂ ತೊಂದ್ರೆ ಇಲ್ವಂತೆ, ಬೆಳಗ್ಗಿನ ಅರ್ಧ ದಿನ ಹೀಬ್ರೂ, ಪ್ರಾರ್ಥನೆ, ಧರ್ಮಗ್ರಂಥ ಇದನ್ನೆಲ್ಲ ಅವರದೇ ಟೀಚರ್ ಮಾಡ್ತಾರೆ, ಮಧ್ಯಾಹ್ನದ್ದು ಇವಳದ್ದು. "ಅತ್ತೆ, ಒಂದು ವಾರ ಬಂದು ಕೂತ್ಕೋತೀರಾ?" ಅಂತ ಇವಳೇ ಕೇಳಿದ್ದು. ಅದಕ್ಕೆ ಪಾಸ್‌ಪೋರ್ಟ್ ಕಾಪಿ, ಫಾರ್ಮು, ಎರಡು ವಾರ ಕಾಯೋದು, ಎಲ್ಲ ಆಯ್ತು.

ಬರಿಗೈಲಿ ಹೋಗಬಾರದು ಅಂತ ನಾನು ಊರಿಂದ ತಂದಿದ್ದ ಧಾರವಾಡ ಪೇಡೆ ಬಾಕ್ಸ್ ಬ್ಯಾಗಲ್ಲಿ ಇಟ್ಕೊಂಡಿದ್ದೆ. ಸೊಸೆ ಬೇಡ ಅಂದಿದ್ಲು, ನಾನು ಕೇಳ್ಲಿಲ್ಲ. ಗೇಟಲ್ಲಿ ಗಾರ್ಡ್. ಆರಡಿ ಮೇಲಿನ ಆಳು, ಹೆಸರು ನೋಡಿ, ಮುಖ ನೋಡಿ, ಬ್ಯಾಗ್ ತೆಗೆಸಿ ನೋಡಿ, ಬಾಗಿಲಿಗೆ ಒಂದು ಬಟನ್ ಒತ್ತಿದ್ರೆ ಇನ್ನೊಂದು ಬಾಗಿಲು. ಪೇಡೆ ಅಲ್ಲೇ ನಿಂತುಹೋಯ್ತು. ಹೊರಗಿಂದ ತಿಂಡಿ ಒಳಗೆ ಬರಬೇಕಾದ್ರೆ ಪ್ಯಾಕೆಟ್ ಮೇಲೆ ಕೋಷರ್ ಗುರುತು, ಅಂದ್ರೆ ಯಹೂದಿ ಊಟದ ನಿಯಮಕ್ಕೆ ಸರಿಯಿದೆ ಅನ್ನೋ ಗುರುತು ಇರ್ಬೇಕು, ಇಲ್ಲಿ ಜಾಸ್ತಿ ಕಾಣೋದು ಒಂದು ಸೊನ್ನೆಯೊಳಗೆ ಯು ಅಕ್ಷರ. ಹಾಲು ಯಾವುದು, ಕಾಯಿಸಿದ ಪಾತ್ರೆ ಯಾವುದು, ಅದರಲ್ಲಿ ಮೊದಲು ಏನು ಬೇಯಿಸಿದ್ರು, ಇದೆಲ್ಲಕ್ಕೂ ಒಬ್ರು ಜವಾಬ್ದಾರಿ ತಗೊಂಡಿರ್ಬೇಕು. ನನಗೆ ಸಿಟ್ಟು ಬರ್ಲಿಲ್ಲ. ನಮ್ಮತ್ತೆಯ ಮಡಿ ಒಳಗೆ ಹದಿನೆಂಟು ವರ್ಷ ಸಂಸಾರ ಮಾಡಿದವಳಿಗೆ ಇದನ್ನ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ಪೇಡೆ ಬಾಕ್ಸ್ ಗಾರ್ಡ್ ಟೇಬಲ್ ಮೇಲೇ ಇಟ್ಟು, "ನೀವು ತಿನ್ನಬಹುದಾದ್ರೆ ತಿನ್ರಿ" ಅಂದೆ. ಅವನು ಅನುಮಾನದಿಂದ ಮೂಸಿ ನೋಡಿದ.

ಕ್ಲಾಸಲ್ಲಿ 22 ಮಕ್ಕಳು. ಗಂಡುಮಕ್ಕಳ ನೆತ್ತಿ ಮೇಲೆ ಪುಟ್ಟ ಟೋಪಿ, ಕಿಪ್ಪಾ, ಕೆಲವರದ್ದರ ಮೇಲೆ ಫುಟ್ಬಾಲ್ ಟೀಮಿನ ಗುರುತು. ಶರ್ಟ್ ಕೆಳಗಿಂದ ನಾಲ್ಕು ಕಡೆ ದಾರದ ಗೊಂಡೆ ನೇತಾಡ್ತಿರತ್ತೆ, ಓಡುವಾಗ ಅದೇ ಹಿಡ್ಕೊಂಡು ಎಳೆಯೋದು ಒಂದು ಆಟ. ಹಿಂದಿನ ರಾತ್ರಿ ಸೂಪರ್ ಬೌಲ್, ಅಮೆರಿಕನ್ ಫುಟ್ಬಾಲಿನ ಫೈನಲ್ಲು, ಈಗಲ್ಸ್ ಟೀಮು 40–22ರಲ್ಲಿ ಗೆದ್ದಿದ್ರು, ಅರ್ಧ ಕ್ಲಾಸ್ ಆಕಳಿಸ್ತಿತ್ತು. ಬೆಳಗ್ಗಿನ ಟೀಚರನ್ನ 'ಮೊರಾ' ಅಂತಾರೆ. ತಲೆಗೆ ಸ್ಕಾರ್ಫ್ ಕಟ್ಟಿದ, ಭಾಳ ಚುರುಕಿನ ಹೆಣ್ಣುಮಗಳು.

ಮೊದಲು ಒಂದು ಡಬ್ಬಿ ಸುತ್ತು ಬಂತು, ಪ್ರತಿಯೊಬ್ಬರೂ ಒಂದೊಂದು ನಾಣ್ಯ ಹಾಕಿದ್ರು, ಬಡವರಿಗೆ. ಆಮೇಲೆ ಪ್ರಾರ್ಥನೆ. 'ಶೆಮಾ', ದೇವರು ಒಬ್ಬನೇ ಅನ್ನೋ ಮುಖ್ಯ ಪ್ರಾರ್ಥನೆ, ಹೇಳುವಾಗ ಬಲಗೈಯಿಂದ ಕಣ್ಣು ಮುಚ್ಕೋಬೇಕು. ಮುಂದಿನ ಹಲ್ಲು ಬಿದ್ದ ಒಬ್ಬ ಹುಡುಗ ಬೆರಳ ಸಂದಿಯಿಂದ ನನ್ನನ್ನೇ ನೋಡ್ತಿದ್ದ, ನನ್ನ ಸೀರೆ ಮೇಲೆ ಹಾಕಿದ ದಪ್ಪ ಜಾಕೆಟ್ಟು ಅವನಿಗೆ ದೇವರಿಗಿಂತ ಕುತೂಹಲ. ಅಷ್ಟರಲ್ಲಿ ಯಾರದ್ದೋ ಪ್ರಾರ್ಥನೆ ಪುಸ್ತಕ, ಸಿದ್ದೂರ್ ಅಂತಾರೆ, ಧಪ್ ಅಂತ ನೆಲಕ್ಕೆ ಬಿತ್ತು. ಆ ಮಗು ಬಗ್ಗಿ ಎತ್ತಿ ಅದಕ್ಕೆ ಒಂದು ಮುತ್ತು ಕೊಟ್ಟು ಮತ್ತೆ ಓದೋಕೆ ಶುರು ಮಾಡ್ತು. ಯಾರೂ ಹೇಳ್ಲಿಲ್ಲ, ಯಾರೂ ನೋಡ್ಲೂ ಇಲ್ಲ. ನಾನು ಕೂತಲ್ಲೇ ಎರಡು ಬೆರಳು ಕಣ್ಣಿಗೆ ಒತ್ಕೊಂಡಿದ್ದೆ, ಗೊತ್ತಿಲ್ದೇ.

ಮಂಗಳವಾರ

ಇವತ್ತು ಓದೋದು ನೋಡಿದೆ. ಹೀಬ್ರೂವಿಗೆ 22 ಅಕ್ಷರ, ಬಲದಿಂದ ಎಡಕ್ಕೆ, ಹಾಗಾಗಿ ಪುಸ್ತಕ ನಮ್ಮ ಲೆಕ್ಕಕ್ಕೆ ಹಿಂದಿನಿಂದ ಶುರು. ಅಕ್ಷರ ಎಲ್ಲ ವ್ಯಂಜನ, ಸ್ವರಕ್ಕೆ ಅಕ್ಷರದ ಕೆಳಗೆ, ಒಮ್ಮೊಮ್ಮೆ ಮೇಲೆ, ಚುಕ್ಕಿ ಗೀಟು. ಓದೋದು ಇನ್ನೂ ಗಟ್ಟಿಯಾಗದ ಐದಾರು ಮಕ್ಕಳನ್ನ ಮೊರಾ ಮೂಲೇಲಿ ಕೂರಿಸಿಕೊಂಡು ರಾಗವಾಗಿ ಹೇಳಿಸ್ತಿದ್ಲು, ಒಂದು ಅಕ್ಷರ, ಅದಕ್ಕೆ ಒಂದು ಚಿಹ್ನೆ, ಎರಡೂ ಸೇರಿ ಒಂದು ಶಬ್ದ, ಬಾ ಬೆ ಬಿ ಬೊ ಬು. ಅಯ್ಯೋ ಇದು ಕಾಗುಣಿತ! ಕ ತಲಕಟ್ಟು ಕ, ಕ ದೀರ್ಘ ಕಾ. ನನ್ನ ಕೈಗೆ ಒಂದು ರೂಲರ್ ಕೊಟ್ಟಿದ್ರೆ ನಾನೇ ಪಾಠ ಮಾಡ್ತಿದ್ದೆ. ಮಜಾ ಏನಂದ್ರೆ ಇವರ ಪ್ರಾರ್ಥನಾ ಮಂದಿರ ಸಿನಗಾಗ್‌ನಲ್ಲಿ ಓದೋ ಧರ್ಮಗ್ರಂಥ ಟೋರಾದ ಸುರುಳೀಲಿ ಈ ಚುಕ್ಕಿ ಗೀಟು ಒಂದೂ ಇರಲ್ಲ, ಬರೀ ವ್ಯಂಜನ, ಸ್ವರ ಬಾಯಲ್ಲಿ ಇರ್ಬೇಕು. ಅಂದ್ರೆ ಇವತ್ತು ಕಲಿತಿರೋ ಈ ಊರುಗೋಲನ್ನ ಮುಂದೆ ಒಂದಿನ ಬಿಟ್ಟು ನಡೀಬೇಕು.

ಆಮೇಲೆ ಜೋಡಿ ಓದು. ಇಬ್ಬಿಬ್ಬರು ಎದುರುಬದುರು ಕೂತು ಒಂದೇ ಸಾಲನ್ನ ಓದಿ ಜಗಳ ಆಡೋದು. ಇದಕ್ಕೆ 'ಹೆವ್ರುತಾ' ಅಂತ ಹೆಸರು, ದೊಡ್ಡ ದೊಡ್ಡ ಪಂಡಿತರು ಓದೋದೂ ಹೀಗೇ ಅಂತೆ. 11 ಜೋಡಿ ಒಟ್ಟಿಗೆ ಶುರುವಾದ್ರೆ ಸಂತೆ. ನಾನು ಕೆಲಸ ಮಾಡಿದ ಸ್ಕೂಲಲ್ಲಿ ಇಷ್ಟು ಗದ್ದಲ ಕೇಳಿದ್ರೆ ಹೆಡ್ಮಾಸ್ತರು ಬೆತ್ತ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ತಿದ್ರು. ಇಲ್ಲಿ ಗದ್ದಲ ಕಮ್ಮಿ ಆದ್ರೆ ಮೊರಾ ಹತ್ರ ಬಂದು "ಯಾಕೆ, ಏನು ತೊಂದ್ರೆ?" ಅಂತಾಳೆ. ತೀರಾ ಮಿತಿ ಮೀರಿದಾಗ ಮಾತ್ರ "ಶೇಕೆತ್ ಬೆವಕಶಾ!" ಅಂತ ಕೂಗ್ತಾಳೆ, ದಯವಿಟ್ಟು ಸುಮ್ನಿರಿ ಅಂತ, ಅದಕ್ಕೆ 22 ಜನ "ಹೇ!" ಅಂತ ಇನ್ನೂ ಜೋರಾಗಿ ಕೂಗಿ ಆಮೇಲೆ ಸುಮ್ನಾಗ್ತಾರೆ.

ಈ ವಾರದ ಪಾಠ 'ಯಿತ್ರೋ'. ಟೋರಾನ ವಾರಕ್ಕೊಂದು ಭಾಗದ ಹಾಗೆ ವರ್ಷ ಪೂರ್ತಿ ಓದ್ತಾರೆ, ಇಡೀ ಪ್ರಪಂಚದಲ್ಲಿ ಈ ವಾರ ಎಲ್ಲರಿಗೂ ಇದೇ ಪಾಠ. ಯಿತ್ರೋ ಅಂದ್ರೆ ಇವರ ಜನರನ್ನ ಈಜಿಪ್ಟಿನ ದಾಸ್ಯದಿಂದ ಬಿಡಿಸಿ ತಂದ ಮೋಶೆಯ ಮಾವ, ಹೆಂಡತಿಯ ಅಪ್ಪ, ಮಿದ್ಯಾನ್ ಅನ್ನೋ ನಾಡಿನ ಪೂಜಾರಿ, ಅಂದ್ರೆ ಇವರ ಪೈಕಿ ಅಲ್ಲವೇ ಅಲ್ಲ. ಅಳಿಯನ್ನ ನೋಡೋಕೆ ಮರುಭೂಮಿಗೆ ಬರ್ತಾನೆ, ನೋಡ್ತಾನೆ, ಮೋಶೆ ಒಬ್ಬನೇ ಬೆಳಗಿನಿಂದ ಸಂಜೆವರೆಗೆ ಜನರ ತಂಟೆ ತಕರಾರು ಬಿಡಿಸ್ತಾ ಕೂತಿರ್ತಾನೆ, ಜನ ಸಾಲಲ್ಲಿ ನಿಂತು ಸುಸ್ತು. "ನೀ ಮಾಡ್ತಿರೋದು ಸರಿ ಇಲ್ಲ" ಅಂತ ಮಾವ ಮುಖಕ್ಕೇ ಹೇಳ್ತಾನೆ. ಹೀಬ್ರೂವಲ್ಲಿ 'ಲೋ ತೋವ್', ಒಳ್ಳೇದಲ್ಲ. ಸಾವಿರಕ್ಕೊಬ್ಬ, ನೂರಕ್ಕೊಬ್ಬ, ಐವತ್ತಕ್ಕೊಬ್ಬ, ಹತ್ತಕ್ಕೊಬ್ಬ ಮುಖ್ಯಸ್ಥನ್ನ ಇಡು, ದೊಡ್ಡ ತಕರಾರು ಮಾತ್ರ ನಿನ್ನ ಹತ್ರ ಬರ್ಲಿ. ಹತ್ತು ಆಜ್ಞೆಗಳು ಬರೋದೂ ಇದೇ ಭಾಗದಲ್ಲಿ, ಆದ್ರೂ ಹೆಸರು ಮಾತ್ರ ಹೊರಗಿನಿಂದ ಬಂದ ಮಾವನದ್ದು.

ನನಗೆ ನಗು ಬಂತು, ಹಿಂದೆ ತಿರುಗಿ ಸೊಸೆ ಮುಖ ನೋಡೋಣ ಅಂದ್ರೆ ಅವಳು ಇನ್ನೂ ಸ್ಟಾಫ್ ರೂಮಲ್ಲಿದ್ಲು.

ಕಿಟಕಿ ಪಕ್ಕದ ಜೋಡೀಲಿ ಒಂದು ಹುಡುಗಿ, ಹಸಿರು ಸ್ವೆಟರ್. ಎದುರಿನ ಹುಡುಗ ಮೇಜು ಕುಟ್ಟಿ ಕುಟ್ಟಿ ವಾದ ಮಾಡ್ತಿದ್ದ, ಇವಳ ತುಟಿ ಎರಡು ಸಲ ತೆರೀತು, ಎರಡು ಸಲ ಮುಚ್ಚಿತು. ಆಮೇಲೆ ಪೆನ್ಸಿಲ್ ಹಿಂದಿನ ರಬ್ಬರಿನ ಮೇಲೆ ಉಗುರಿಂದ ಗೀಟು ಹಾಕ್ತಾ ಕೂತ್ಲು.

ಊಟದ ಕಥೆ ಹೇಳ್ಲೇಬೇಕು. ಬ್ರೆಡ್ ತಿನ್ನೋ ಮೊದಲು ಕೈ ತೊಳೀಬೇಕು, ಸೋಪ್ ಹಾಕಿ ತೊಳೆಯೋದು ಬೇರೆ, ಇದು ಬೇರೆ. ಎರಡು ಹಿಡಿಕೆ ಇರೋ ಒಂದು ತಂಬಿಗೆ, ಎಡಗೈಲಿ ಹಿಡಿದು ಬಲಗೈ ಮೇಲೆ, ಆಮೇಲೆ ಕೈ ಬದಲಿಸಿ ಎಡಗೈ ಮೇಲೆ, ಮಂತ್ರ ಹೇಳಿ ಕೈ ಒರೆಸ್ಕೊಂಡ್ಮೇಲೆ ಬ್ರೆಡ್ ಬಾಯಿಗೆ ಹಾಕೋವರೆಗೆ ಮಾತಾಡೋಹಾಗಿಲ್ಲ. ಬೆಳಗಿನಿಂದ ಬಾಯಿ ಮುಚ್ಚದ ಮಕ್ಕಳು ಒಂದೊಂದೇ ಮೂಗರಾಗ್ತಾ ಹೋದ್ರು. ಒಬ್ಬಳು ನನ್ನ ಎದುರು ನಿಂತು ಕಣ್ಣು ದೊಡ್ಡದು ಮಾಡಿ ಕೈ ಆಡಿಸ್ತಾಳೆ, ನಾನು ಏನಮ್ಮ ಅಂದ್ರೆ "ಮ್ಮ್ ಮ್ಮ್" ಅಂತಾಳೆ. ನೋಡ್ಕೊಂಡ್ರೆ ನನ್ನ ಸೆರಗು ಸಿಂಕ್ ಒಳಗೆ! ನಮ್ಮ ಮಾವನವರು ಆಪೋಶನ ತಗೊಂಡ ಮೇಲೆ ಮಾತು ನಿಲ್ಲಿಸ್ತಿದ್ರು, ಸಾರು ಬೇಕಾದ್ರೆ ಇದೇ "ಮ್ಮ್ ಮ್ಮ್", ನಾವು ಉಪ್ಪೋ ತುಪ್ಪವೋ ಗೊತ್ತಾಗ್ದೇ ಎಲ್ಲಾ ತಂದು ಇಡ್ತಿದ್ವಿ. ಮಾವನವರು ಹೋಗಿ ಇಪ್ಪತ್ತು ವರ್ಷ ಆಯ್ತು, ಆ ಸದ್ದು ಇಲ್ಲಿ ಸಿಕ್ತು.

ಬುಧವಾರ

ಬೆಳಿಗ್ಗೆ ಎದ್ದಾಗ ಸವದತ್ತಿಯಿಂದ ಅಕ್ಕನ ಫೋನು. "ಇವತ್ತ ಭಾರತ ಹುಣ್ಣಿಮಿ, ಗುಡ್ಡದಾಗ ಕಾಲ್ ಇಡಾಕ ಜಾಗ ಇಲ್ಲ, ನೀ ಅಲ್ಲಿ ಏನ್ ಮಾಡಾಕತ್ತಿ?" ಎರಡನೇ ಕ್ಲಾಸಿಗೆ ಹೊಂಟೇನಿ ಅಂದೆ, ಅವಳಿಗೆ ಅರ್ಥ ಆಗ್ಲಿಲ್ಲ.

ಕ್ಲಾಸಿಗೆ ಬಂದ್ರೆ ಬೋರ್ಡ್ ಮೇಲೆ ದೊಡ್ಡ ಹುಣ್ಣಿಮೆ ಚಂದ್ರ. ಇವತ್ತು ಸೂರ್ಯ ಮುಳುಗಿದ ಮೇಲೆ ಶೆವಾತ್ ತಿಂಗಳ ಹದಿನೈದು, ಮರಗಳ ಹೊಸ ವರ್ಷ. ಇವರ ದಿನ ಸಂಜೆಯಿಂದ ಶುರು, ತಿಂಗಳು ಅಮಾವಾಸ್ಯೆ ಆದ್ಮೇಲೆ ಚಂದ್ರ ಕಂಡಾಗಿನಿಂದ ಶುರು, ಹಾಗಾಗಿ ಹದಿನೈದು ಅಂದ್ರೆ ಹುಣ್ಣಿಮೆ. ವರ್ಷ 5785. ಚಾಂದ್ರಮಾನ ವರ್ಷ ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಕಮ್ಮಿ ಬೀಳೋದಕ್ಕೆ 19 ವರ್ಷದಲ್ಲಿ 7 ಸಲ ಒಂದು ತಿಂಗಳು ಜಾಸ್ತಿ ಸೇರಿಸ್ತಾರೆ. ನಮಗೆ 2023ರಲ್ಲಿ ಅಧಿಕ ಶ್ರಾವಣ ಬಂದಿತ್ತಲ್ಲ, ಇವರಿಗೆ 2024ರಲ್ಲಿ ಅದಾರ್ ತಿಂಗಳು ಎರಡು ಸಲ ಬಂದಿತ್ತು. ನಾನು ಇದನ್ನ ಹೇಳಿದ್ದಕ್ಕೆ ಹಲ್ಲು ಬಿದ್ದವನು, "ಹಾಗಾದ್ರೆ ಎರಡನೇ ತಿಂಗಳಲ್ಲಿ ಹುಟ್ಟಿದವರ ಬರ್ತ್‌ಡೇ ನಿಮ್ಮಲ್ಲಿ ಯಾವಾಗ ಮಾಡ್ತಾರೆ?" ಅಂದ. ಅಧಿಕ ಮಾಸದಲ್ಲಿ ಹುಟ್ಟಿದವರ ಬಗ್ಗೆ ಈ ವಯಸ್ಸಿನವರೆಗೆ ನನಗೆ ಯಾರೂ ಕೇಳಿರ್ಲಿಲ್ಲ. ನಿಜ ತಿಂಗಳಲ್ಲಿ ಅಂತ ಏನೋ ಹೇಳಿ ದಾಟಿಸಿದೆ. ಅವನು ಬಿಡ್ಲಿಲ್ಲ, ಅದು ಬೇರೆ ವಿಷಯ.

ಹಬ್ಬದ ಹೆಸರು 'ತು ಬಿಶ್ವಾತ್'. ತು ಅಂದ್ರೆ ಹದಿನೈದು. ಅಕ್ಷರಕ್ಕೆ ಅಂಕಿ ಬೆಲೆ ಇದೆ, ಆಲೆಫ್ ಒಂದು, ಬೆತ್ ಎರಡು, ಹಾಗೇ. ಹದಿನೈದಕ್ಕೆ ನ್ಯಾಯವಾಗಿ ಹತ್ತರ ಅಕ್ಷರ ಮತ್ತು ಐದರ ಅಕ್ಷರ ಬರೀಬೇಕು, ಆದ್ರೆ ಆ ಎರಡು ಸೇರಿದ್ರೆ ದೇವರ ಹೆಸರಿನ ಒಂದು ರೂಪ ಆಗತ್ತೆ, ಲೆಕ್ಕ ಹಾಕೋಕೆ ದೇವರ ಹೆಸರು ಬಳಸಬಾರದು ಅಂತ ಒಂಬತ್ತು ಮತ್ತು ಆರರ ಅಕ್ಷರ ಬರೀತಾರೆ. 9ಕ್ಕೆ 6 ಕೂಡಿದ್ರೂ 15 ತಾನೇ. ಎರಡನೇ ಕ್ಲಾಸಿನ ಮಕ್ಕಳು ಕೂಡೋ ಲೆಕ್ಕ ಮಾಡೋದು ಇದರಲ್ಲೇ, ತಮ್ಮ ಹೆಸರಿನ ಬೆಲೆ, ಅಮ್ಮನ ಹೆಸರಿನ ಬೆಲೆ, ಯಾರದ್ದು ಜಾಸ್ತಿ ಅಂತ ಜಗಳ.

ಒಂದು ಹಾಳೆ ತಪ್ಪಾಗಿದ್ದಕ್ಕೆ ಒಬ್ಬಳು ಮುದುಡಿ ಎಸೆಯೋಕೆ ಹೋದ್ಲು, ಪಕ್ಕದವಳು ಕೈ ಹಿಡಿದು ನಿಲ್ಲಿಸಿದ್ಲು. ಅದರ ಮೇಲೆ ದೇವರ ಹೆಸರಿದೆ, ಕಸಕ್ಕೆ ಹೋಗೋಹಾಗಿಲ್ಲ. ಬಾಗಿಲ ಹತ್ರ ಒಂದು ರಟ್ಟಿನ ಡಬ್ಬ, ಅದರಲ್ಲಿ ಹಾಕ್ಬೇಕು, ತುಂಬಿದ್ಮೇಲೆ ತಗೊಂಡು ಹೋಗಿ ಮಣ್ಣು ಮಾಡ್ತಾರೆ. ಇಂಥ ಹಾಳೆಗಳನ್ನ ಕೂಡಿಡೋ ಜಾಗಕ್ಕೆ 'ಗೆನಿಜಾ' ಅಂತ ಹೆಸರು. ನಾನು ಡಬ್ಬ ಬಗ್ಗಿ ನೋಡ್ತಿದ್ದಾಗ ದೊಡ್ಡ ಕ್ಲಾಸಿನ ರಬ್ಬಾಯ್, ಅಂದ್ರೆ ಇವರ ಧರ್ಮಗುರು, ಒಬ್ರು ಬಂದ್ರು, ಬಿಳಿ ಗಡ್ಡ, ಮಕ್ಕಳಿಗಿಂತ ಜಾಸ್ತಿ ಪ್ರಶ್ನೆ ಕೇಳೋ ಮನುಷ್ಯ. ಎಲ್ಲಿಯವರು ಅಂದ್ರು. ಇಂಡಿಯಾ, ಕರ್ನಾಟಕ ಅಂದೆ. "ಮಂಗಳೂರು ಅದರಲ್ಲೇ ಬರತ್ತಲ್ವಾ?" ಅಂತ ಕೇಳಿಬಿಟ್ರು!

ಕತೆ ಹೀಗೆ. ಹಳೇ ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ ಇಂಥದೇ ಒಂದು ಗೆನಿಜಾ ಇತ್ತು, ಮಣ್ಣು ಮಾಡ್ದೇ ನೂರಾರು ವರ್ಷ ಹಾಗೇ ಒಂದು ಕೋಣೆಗೆ ಸುರೀತಾ ಹೋಗಿದ್ರು. ದೇವರ ಹೆಸರಿದ್ದ ಹಾಳೆ ಮಾತ್ರ ಅಲ್ಲ, ಹೀಬ್ರೂ ಅಕ್ಷರ ಇದ್ದ ವ್ಯಾಪಾರದ ಕಾಗದ, ಸಾಲದ ಚೀಟಿ, ಮದುವೆ ಪತ್ರ ಎಲ್ಲ. 1890ರ ದಶಕದ ಕೊನೇಲಿ ಸೊಲೊಮನ್ ಶೆಕ್ಟರ್ ಅನ್ನೋ ವಿದ್ವಾಂಸರು ಸುಮಾರು ಎರಡು ಲಕ್ಷ ಚೂರುಗಳನ್ನ ಕೇಂಬ್ರಿಜ್‌ಗೆ ಸಾಗಿಸಿದ್ರು. ಅದರೊಳಗಿಂದ ಎದ್ದು ಬಂದವನು ಅಬ್ರಹಾಂ ಬೆನ್ ಯಿಜು, ಟುನೀಶಿಯಾ ಕಡೆಯ ಯಹೂದಿ ವ್ಯಾಪಾರಿ, 1132ರ ಸುಮಾರಿಂದ 1149ರ ತನಕ ನಮ್ಮ ಕರಾವಳೀಲಿ, ಹೆಚ್ಚಾಗಿ ಮಂಗಳೂರಲ್ಲೇ ಇದ್ದ. ಕಂಚಿನ ಪಾತ್ರೆ ಮಾಡಿಸೋ ಕಾರ್ಖಾನೆ ಇಟ್ಟಿದ್ದ, ಯೆಮನ್ ಬಂದರು ಏಡನ್‌ಗೆ ಮೆಣಸು, ಕಬ್ಬಿಣ, ಅಡಿಕೆ ಕಳಿಸ್ತಿದ್ದ, ಅಲ್ಲಿಂದ ಇವನಿಗೆ ಬರೆಯೋಕೆ ಕಾಗದ, ತಿನ್ನೋಕೆ ಒಣದ್ರಾಕ್ಷಿ, ಸಕ್ಕರೆ ಬರ್ತಿತ್ತು. ಅಶು ಅನ್ನೋ ಹೆಣ್ಣುಮಗಳನ್ನ ದಾಸ್ಯದಿಂದ ಬಿಡಿಸಿದ ಪತ್ರ 1132ರದ್ದು, ಮಂಗಳೂರಲ್ಲಿ ಬರೆದದ್ದು. ಅವನ ಕೆಲಸದಾಳಿನ ಹೆಸರು ಬಮ್ಮ. ಬಮ್ಮ! ರಬ್ಬಾಯ್ ಬಾಯಲ್ಲಿ ಆ ಹೆಸರು ಕೇಳಿ ನನಗೆ ಮೈ ಜುಮ್ ಅಂತು. ನಮ್ಮ ಹೊಲದಲ್ಲಿ ಗೇಯೋಕೆ ಬರ್ತಿದ್ದವನ ಹೆಸರಿನ ಹಾಗೆ ಇತ್ತು.

ಕನ್ನಡದ ಊರಿನ ಅಡಿಕೆ ಲೆಕ್ಕ ಕೈರೋದಲ್ಲಿ ಏಳುನೂರು ವರ್ಷ ಬಿದ್ದಿತ್ತು, ಯಾಕಂದ್ರೆ ಅಕ್ಷರ ಇರೋ ಹಾಳೆ ಎಸೀಬಾರದು ಅಂತ ಯಾರೋ ಮಗುವಾಗಿದ್ದಾಗ ಕೈ ಹಿಡಿದು ನಿಲ್ಲಿಸಿದ್ರು.

ಮಧ್ಯಾಹ್ನ ಸೊಸೆಯ ಗಣಿತ. ಅವಳೂ ಯಿತ್ರೋನೇ ಹಿಡಿದ್ಲು. ಸಾವಿರ ಜನ ಇದ್ರೆ ಎಷ್ಟು ಮುಖ್ಯಸ್ಥರು ಬೇಕು? ಸಾವಿರಕ್ಕೊಬ್ಬ 1, ನೂರಕ್ಕೊಬ್ಬನಂತೆ 10, ಐವತ್ತಕ್ಕೊಬ್ಬನಂತೆ 20, ಹತ್ತಕ್ಕೊಬ್ಬನಂತೆ 100, ಒಟ್ಟು 131. ಮಕ್ಕಳು ಹತ್ತತ್ತು ಕಡ್ಡಿ ಕಟ್ಟಿ ಮಾಡಿದ್ರು. ಮೋಶೆ ಹಿಂದೆ ಆರು ಲಕ್ಷ ಗಂಡಸರು, 131ನ್ನ 600ರಿಂದ ಗುಣಿಸಿದ್ರೆ 78,600. ಹಳೇ ಯಹೂದಿ ಪಂಡಿತರೂ ಇದೇ ಲೆಕ್ಕ ಹಾಕಿಟ್ಟಿದ್ದಾರಂತೆ. ಸೊಸೆ ಪಾಠ ಮಾಡೋದು ನಾನು ನೋಡಿದ್ದು ಇದೇ ಮೊದಲು. ಮನೇಲಿ ಮೆತ್ತಗೆ ಮಾತಾಡೋ ಹುಡುಗಿ, ಇಲ್ಲಿ ಅವಳ ದನಿ ಗೋಡೆಗೆ ಬಡಿದು ವಾಪಸ್ ಬರ್ತಿತ್ತು. ಚೆನ್ನಾಗಿ ಮಾಡ್ತಾಳೆ, ಹೇಳಿಬಿಡ್ತೀನಿ. ಅವಳಿಗೆ ಮಾತ್ರ ಹೇಳ್ಲಿಲ್ಲ.

ಗುರುವಾರ

ಪೇಡೆ ಹೋದ್ರೆ ಹೋಗ್ಲಿ, ಹಣ್ಣು ಕತ್ತರಿಸದೆ ಇಡಿಯಾಗಿ ತಂದ್ರೆ ನಡೆಯತ್ತೆ ಅಂತ ಕೇಳ್ಕೊಂಡು, ಮರದ ಹಬ್ಬ ಅಲ್ವಾ ಅಂತ ಎರಡು ದೊಡ್ಡ ಚಿಪ್ಪು ಬಾಳೆಹಣ್ಣು ತಂದೆ. ಮೇಜಿನ ಮೇಲೆ ಆಗ್ಲೇ ಟೋರಾದಲ್ಲಿ ಹೇಳಿರೋ ಏಳು ಬೆಳೆ: ಗೋಧಿ, ಜವೆಗೋಧಿ, ದ್ರಾಕ್ಷಿ, ಅಂಜೂರ, ದಾಳಿಂಬೆ, ಆಲಿವ್, ಖರ್ಜೂರ. ಜೊತೆಗೆ ಕ್ಯಾರಬ್ ಅಂತ ಒಣಗಿದ ಕಂದು ಕೋಡು, ಹುಣಸೆಹಣ್ಣಿನ ಅಣ್ಣತಮ್ಮನ ಹಾಗೆ ಕಾಣತ್ತೆ, ಹುಳಿ ಮಾತ್ರ ಇಲ್ಲ, ಜಗಿದಷ್ಟೂ ಜಗೀಬೇಕು.

ತಿನ್ನೋ ಮೊದಲು ಒಂದೊಂದಕ್ಕೆ ಒಂದೊಂದು ಮಂತ್ರ. ಮರದ ಹಣ್ಣಿಗೆ ಬೇರೆ, ನೆಲದಲ್ಲಿ ಬೆಳೆಯೋದಕ್ಕೆ ಬೇರೆ. ನಾನು ಬಾಳೆಹಣ್ಣು ಇಟ್ಟ ತಕ್ಷಣ ಗಲಾಟೆ. "ಸವ್ತಾ, ಇದು ಮರದ್ದಲ್ಲ!" ಸವ್ತಾ ಅಂದ್ರೆ ಅಜ್ಜಿ, ಮಂಗಳವಾರದಿಂದ ನನ್ನ ಹೆಸರು ಅದೇ. ಅಷ್ಟು ಎತ್ತರ ಬೆಳೆಯತ್ತೆ, ನಮ್ಮ ಹಿತ್ತಲಲ್ಲೇ ಇದೆ, ಮರ ಅಲ್ದೆ ಏನು ಅಂದೆ. ಇಲ್ಲವಂತೆ, ಗೊನೆ ಬಿಟ್ಟ ಮೇಲೆ ಆ ಕಾಂಡ ಸಾಯತ್ತೆ, ಮುಂದಿನ ವರ್ಷ ಅದೇ ಕೊಂಬೇಲಿ ಹಣ್ಣು ಬಿಡಲ್ಲ, ಹಾಗಾಗಿ ಅದು ಮರ ಅಲ್ಲ, ಮಂತ್ರ ನೆಲದ್ದು. ಏಳು ವರ್ಷದ ಮಕ್ಕಳು, ಬಾಳೆ ಗೊನೆ ಹಾಕಿದ್ದನ್ನ ಕಣ್ಣಲ್ಲಿ ಕಂಡಿಲ್ಲ! ನಾನು ಒಂದು ನಿಮಿಷ ಸುಮ್ನೆ ನಿಂತೆ. ನಾವು ಏನಂತೀವಿ? ಮಾವಿನ ಮರ, ಹಲಸಿನ ಮರ, ತೆಂಗಿನ ಮರ. ಬಾಳೆ ಗಿಡ. ಬಾಯಿ ಬಿಟ್ರೆ ಬಾಳೆ ಗಿಡ ಅಂತೀನಿ, ಅರವತ್ತು ವರ್ಷದಿಂದ ಅಂತಾ ಇದೀನಿ, ಯಾಕೆ ಗಿಡ ಅಂತ ಒಂದಿನ ಯೋಚನೆ ಮಾಡಿಲ್ಲ. ನಮ್ಮ ಭಾಷೇಲೂ ಅದು ಗಿಡನೇ ಕಣ್ರೋ, ನಾನು ಸೋತೆ ಅಂದೆ. ಕುಣಿದಾಡಿಬಿಟ್ರು.

ಹಸಿರು ಸ್ವೆಟರಿನ ಹುಡುಗಿ ಎಲ್ಲರೂ ಕುಣಿಯೋವಾಗ ನನ್ನ ಮಗ್ಗುಲಿಗೆ ಬಂದು, ಭಾಳ ಸಣ್ಣ ದನೀಲಿ, "ಹಾಗಾದ್ರೆ ಪಪ್ಪಾಯಿ?" ಅಂದ್ಲು. ನನಗೊಬ್ಬಳಿಗೇ ಕೇಳಿಸಿದ್ದು. ಒಳ್ಳೇ ಪ್ರಶ್ನೆ, ಮೊರಾನ ಕೇಳು ಅಂದೆ. ತಲೆ ಅಡ್ಡ ಆಡಿಸಿ ಹೋಗ್ಬಿಟ್ಲು. ಪಪ್ಪಾಯಿ ಬಗ್ಗೆ ಅವರ ಪಂಡಿತರಲ್ಲೇ ವಾದ ಇದೆ ಅಂತ ಆಮೇಲೆ ಮೊರಾ ಹೇಳಿದ್ಲು, ಅಂದ್ರೆ ಮಗು ಸೀದಾ ಕಗ್ಗಂಟಿಗೇ ಕೈ ಹಾಕಿತ್ತು.

ಆಮೇಲೆ ಎಲ್ಲರೂ ಪೇಪರ್ ಲೋಟದಲ್ಲಿ ಮಣ್ಣು ತುಂಬಿ ಪಾರ್ಸ್ಲೀ ಬೀಜ ಹಾಕಿದ್ರು, ಏಪ್ರಿಲ್‌ನಲ್ಲಿ ಪಾಸೋವರ್ ಹಬ್ಬದ ತಟ್ಟೆಗೆ ಆ ಸೊಪ್ಪು ಬೇಕು. ಕಿಟಕಿ ಕಟ್ಟೆ ಮೇಲೆ 22 ಲೋಟ, ಹೊರಗೆ ಹಿಮ.

ಶುಕ್ರವಾರ

ಚಳಿಗಾಲದಲ್ಲಿ ಶುಕ್ರವಾರ ಸ್ಕೂಲು ಬೇಗ ಬಿಡತ್ತೆ. ಐದೂವರೆ ಹೊತ್ತಿಗೆ ಸೂರ್ಯ ಮುಳುಗ್ತಾನೆ, ಅದಕ್ಕೆ 18 ನಿಮಿಷ ಮುಂಚೆ ಮನೇಲಿ ದೀಪ ಹಚ್ಚಿ ಆಗಿರ್ಬೇಕು, ಅಲ್ಲಿಂದ ಶನಿವಾರ ರಾತ್ರಿವರೆಗೆ ಒಲೆ ಹಚ್ಚೋಹಾಗಿಲ್ಲ, ಕಾರಿಲ್ಲ, ಫೋನಿಲ್ಲ.

ಈ ವಾರದ ವಿಶ್ರಾಂತಿ ದಿನಕ್ಕೆ ಶಬ್ಬಾತ್ ಅಂತಾರೆ, ಕ್ಲಾಸಲ್ಲೇ ಸಣ್ಣ ಶಬ್ಬಾತ್ ಮಾಡಿದ್ರು. ಬಿಳಿ ಬಟ್ಟೆ ಹಾಸಿದ ಮೇಜು, ದ್ರಾಕ್ಷಿ ರಸ, ಜಡೆ ಹೆಣೆದ ಹಾಗಿರೋ ಬ್ರೆಡ್ಡು ಎರಡು, ಹಲ್ಲಾ ಅಂತಾರೆ, ಮೇಲೆ ಕಸೂತಿ ಬಟ್ಟೆ ಮುಚ್ಚಿರತ್ತೆ. ಯಾಕೆ ಮುಚ್ತೀರಿ ಅಂದೆ. ದಿನಾ ಬ್ರೆಡ್ಡಿಗೆ ಮೊದಲ ಮರ್ಯಾದೆ, ಇವತ್ತು ದ್ರಾಕ್ಷಿ ರಸಕ್ಕೆ ಮೊದಲು, ಎದುರಿಗೇ ಹಾಗೆ ಮಾಡಿದ್ರೆ ಬ್ರೆಡ್ಡಿಗೆ ಅವಮಾನ ಆಗಲ್ವಾ ಅಂದ್ರು. ಬ್ರೆಡ್ಡಿಗೆ!

ಕೊನೆಗೆ ಯಿತ್ರೋ ನಾಟಕ. ಮೋಶೆ ಆಗಿದ್ದವನು ಹಲ್ಲು ಬಿದ್ದವನು. ಯಿತ್ರೋ ಮಾಡ್ಬೇಕಾಗಿದ್ದ ಹುಡುಗ ಜ್ವರ ಅಂತ ಬಂದಿರ್ಲಿಲ್ಲ. ಒಂದು ಕ್ಷಣ ಮುಖ ಮುಖ ನೋಡ್ಕೊಂಡ್ರು, ಆಮೇಲೆ ಒಬ್ಬಳು ನನ್ನ ಕಡೆ ಬೆರಳು ತೋರಿಸಿದ್ಲು. "ಸವ್ತಾ ದೂರದಿಂದ ಬಂದಿದ್ದಾಳೆ. ಯಹೂದಿ ಅಲ್ಲ. ಮತ್ತೆ ನಮ್ಮ ಟೀಚರಿನ ಅತ್ತೆ!" ಸೊಸೆ ಮೈಕ್ ಹಿಡ್ಕೊಂಡು ಬಾಗಿಲಲ್ಲೇ ಕೆಂಪಾಗಿ ನಿಂತಿದ್ಲು. ನನ್ನ ತಲೆಗೆ ಒಂದು ಟವೆಲ್ ಸುತ್ತಿದ್ರು. ನಾನು ಸಾಲಲ್ಲಿ ನಿಂತ ಜನರನ್ನ ನೋಡಿ, ಬೆರಳೆತ್ತಿ, "ಲೋ ತೋವ್!" ಅಂದೆ. ಚಪ್ಪಾಳೆ. ಅಷ್ಟಕ್ಕೆ ಬಿಡ್ತಾರಾ, ಮೋಶೆ ಕೇಳಿದ, "ನಾಟಕದಲ್ಲಲ್ಲ, ನಿಜವಾಗ್ಲೂ ಹೇಳು, ನಮ್ಮ ಕ್ಲಾಸಲ್ಲಿ ಏನು ಲೋ ತೋವ್?"

ಊಟಕ್ಕೆ ಇಪ್ಪತ್ತೇ ನಿಮಿಷ ಕೊಡೋದು ಅಂದೆ. ಸೀಲಿಂಗ್ ಹಾರಿಹೋಗೋ ಹಾಗೆ ಕೂಗಿದ್ರು. ಅದು ನಿಜವೇ, ಆದ್ರೆ ನಾಲಿಗೆ ತುದೀಲಿ ಇದ್ದದ್ದು ಅದಲ್ಲ.

ಮಕ್ಕಳು ಕೋಟು ಹಾಕ್ಕೊಳ್ಳೋವಾಗ ಸೊಸೆ ಹತ್ರ ಹೋಗಿ ಮೆಲ್ಲಗೆ ಕನ್ನಡದಲ್ಲಿ ಹೇಳಿದೆ, ಕಿಟಕಿ ಪಕ್ಕದ ಹುಡುಗಿಗೆ ಈ ಕೂಗಾಟದಲ್ಲಿ ಮಾತಾಡೋಕೆ ಜಾಗ ಸಿಗ್ತಿಲ್ಲ ಅಂತ, ಪಪ್ಪಾಯಿ ವಿಷಯಾನೂ ಹೇಳಿದೆ. ಅತ್ತೆ ಬಾಯಿಂದ ಬಂದ ಮಾತು, ಹೇಗೆ ತಗೋತಾಳೋ ಅಂತ ಎದೆ ಡವಡವ. ಸೊಸೆ ಸ್ವಲ್ಪ ಹೊತ್ತು ಏನೂ ಅನ್ಲಿಲ್ಲ. "ನಾನೂ ಗಮನಿಸಿಲ್ಲ ಅತ್ತೆ, ಗಣಿತ ಎಲ್ಲ ಸರಿ ಮಾಡ್ತಾಳೆ, ಹಾಗಾಗಿ..." ಅಂತ ನಿಲ್ಲಿಸಿದ್ಲು. ಗೊತ್ತು, ಎಲ್ಲ ಸರಿ ಮಾಡೋ ಮಕ್ಕಳನ್ನ ನಾನೂ ಎಷ್ಟು ಜನರನ್ನ ನೋಡ್ಲಿಲ್ವೋ. ಆಮೇಲೆ ಮೊರಾನ ಕರ್ದು ಇಬ್ಬರೂ ಬೋರ್ಡ್ ಹತ್ರ ನಿಂತು ಮಾತಾಡಿದ್ರು, ಸೋಮವಾರದಿಂದ ಜೋಡಿ ಬದಲಾಯಿಸೋದು ಅಂತ ಸೀಟ್ ಚಾರ್ಟಲ್ಲಿ ಎರಡು ಹೆಸರು ಅಳಿಸಿ ಬರೆದ್ರು.

ಹೊರಗೆ ಬಂದ್ವಿ. ಗಾರ್ಡ್ ಟೇಬಲ್ ಮೇಲೆ ಪೇಡೆ ಬಾಕ್ಸ್, ಖಾಲಿ, ಒಳಗೆ ಅವನ ಪೆನ್ನು ರಬ್ಬರ್ ಬ್ಯಾಂಡು. ನನ್ನನ್ನ ನೋಡಿ ಎದ್ದು ನಿಂತ. "ಮೇಡಂ, ಇದು ಮತ್ತೆ ಎಲ್ಲಿ ಸಿಗತ್ತೆ?" ಓಕ್ ಟ್ರೀ ರೋಡಲ್ಲಿ ಸಿಗತ್ತೆ ಅಂತ ಸೊಸೆ ಅಂದ್ಲು. ಅಲ್ಲಿಂದು ಬೇಡ, ಊರಿಂದೇ ತರಿಸ್ತೀನಿ ಅಂದೆ ನಾನು.